ಚಿಕ್ಕ ರೂಮಿಗೆ ಪೇಂಟ್ ಹೊಡ್ಸೋಕೆ ಮುಂಚೆ ಗೆರೆಗಳನ್ನ ನೋಡಿ, ಆಮೇಲೆ ಬಣ್ಣ

ರೂಮು ಚಿಕ್ಕದು ಅಂದ ತಕ್ಷಣ ಎಲ್ರೂ ಹೇಳೋದು ಒಂದೇ ಮಾತು, ಬಿಳಿ ಹೊಡ್ಸಿಬಿಡಿ ಅಂತ. ಕೆಲವು ರೂಮಿಗೆ ಅದು ಸರಿನೇ, ಆದ್ರೆ ಗೋಡೆಗೆ ಬಿಳಿ ಹೊಡ್ಸಿ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಕಂದು, ಬಾಗಿಲ ಚೌಕಟ್ಟು ಇನ್ನೂ ಗಾಢ, ಬೀರು ಬೇರೆ ಬಣ್ಣ ಅಂತ ಬಿಟ್ರೆ ರೂಮು ಮೊದ್ಲಿನಷ್ಟೇ ಇಕ್ಕಟ್ಟಾಗಿ ಕಾಣುತ್ತೆ. ಬಣ್ಣ ಬದಲಾಗೋ ಕಡೆಯೆಲ್ಲಾ ಒಂದು ಗೆರೆ ಹುಟ್ಟುತ್ತೆ, ಕಣ್ಣು ಅಲ್ಲಿ ನಿಲ್ಲುತ್ತೆ, ನಿಂತ ಕಡೆ ಗೋಡೆ ಮುಗೀತು ಅನ್ನೋ ಲೆಕ್ಕ ಸಿಕ್ಬಿಡುತ್ತೆ. ಹಾಗಾಗಿ ಯಾವ ಬಣ್ಣ ಅನ್ನೋ ಪ್ರಶ್ನೆಗಿಂತ ಮೊದ್ಲು ಈ ಗೆರೆಗಳನ್ನ ಎಲ್ಲೆಲ್ಲಿ ಅಳಿಸ್ಬಹುದು ಅಂತ ನೋಡಿ.

ರೂಮಿನ ಮಧ್ಯ ನಿಂತು ಗೋಡೆ ಸೀಲಿಂಗ್ ಸೇರೋ ಜಾಗ ನೋಡಿ. ಗೋಡೆ ಪೀಚ್, ಸೀಲಿಂಗ್ ಅಚ್ಚ ಬಿಳಿ ಇದ್ರೆ ಸುತ್ತಲೂ ಒಂದು ಚೌಕಟ್ಟು ಎಳೆದ ಹಾಗಿರುತ್ತೆ, ಅದ್ರಲ್ಲೂ ಬ್ರಷ್ ಗೆರೆ ಒಂಚೂರು ಸೊಟ್ಟ ಇದ್ರಂತೂ ಕಣ್ಣು ಅಲ್ಲಿಂದ ಕದಲೋದೇ ಇಲ್ಲ. ಅದೇ ಸೀಲಿಂಗಿಗೂ ಗೋಡೆ ಬಣ್ಣನೇ ಹೊಡ್ಸಿ, ಇಲ್ಲಾಂದ್ರೆ ಅದೇ ಶೇಡಿನ ಅರ್ಧ ಟಿಂಟ್, ಅಂದ್ರೆ ಬಣ್ಣ ಅರ್ಧದಷ್ಟೇ ಬೆರೆಸಿದ ತಿಳಿ ಶೇಡ್, ಹಾಕ್ಸಿ, ಆ ಗೆರೆ ಮಸುಕಾಗುತ್ತೆ, ಸೀಲಿಂಗ್ ಎತ್ತರದಲ್ಲಿರೋ ಹಾಗೆ ಅನ್ಸುತ್ತೆ. ಸ್ಕರ್ಟಿಂಗ್, ಚೌಕಟ್ಟು, ಗೋಡೆಗಂಟಿದ ಬೀರು ಇದ್ರೆ ಅದಕ್ಕೂ ಅದೇ ಶೇಡ್. ಕೈ ತಾಗೋ ಜಾಗ ಅಲ್ವಾ, ಹಾಗಾಗಿ ಅಲ್ಲಿ ಒರೆಸೋಕೆ ಬರೋ, ಸ್ವಲ್ಪ ಹೊಳಪಿರೋ ಸ್ಯಾಟಿನ್ ಫಿನಿಶ್ ತಗೊಳ್ಳಿ, ಬಣ್ಣ ಮಾತ್ರ ಒಂದೇ ಇರ್ಲಿ. ಬೀರು ಗೋಡೆ ಬಣ್ಣಕ್ಕೆ ಬಂದಾಗ ಆಗೋ ವ್ಯತ್ಯಾಸ ನೋಡಿದ್ರೇನೇ ಗೊತ್ತಾಗೋದು, ಅಷ್ಟು ದೊಡ್ಡ ವಸ್ತು ಗೋಡೆಯೊಳಗೆ ಸೇರ್ಕೊಂಡ್ಬಿಡುತ್ತೆ.

ಈಗ ಬಣ್ಣದ ವಿಷ್ಯ. ಸಾಕಷ್ಟು ಪೇಂಟುಗಳ ಶೇಡಿಗೆ ಎಲ್‌ಆರ್‌ವಿ ಅಂತ ಒಂದು ನಂಬರ್ ಕೊಟ್ಟಿರ್ತಾರೆ, ಬಿದ್ದ ಬೆಳಕಲ್ಲಿ ಎಷ್ಟನ್ನ ಅದು ವಾಪಸ್ ಕಳಿಸುತ್ತೆ ಅನ್ನೋ ಲೆಕ್ಕ ಅದು, 0 ಅಂದ್ರೆ ಪೂರ್ತಿ ಕಪ್ಪು, 100 ಅಂದ್ರೆ ಪೂರ್ತಿ ಬಿಳಿ. ಚಿಕ್ಕ ರೂಮಿಗೆ ನಾನಂತೂ 60ಕ್ಕಿಂತ ಮೇಲಿರೋದನ್ನೇ ಆರಿಸ್ತೀನಿ. ತಿಳಿ ನೀಲಿ, ತಿಳಿ ಹಸಿರು, ಬೂದು ಥರದ ತಂಪು ಬಣ್ಣ ಹೊಡೆದ ಗೋಡೆ ಸ್ವಲ್ಪ ಹಿಂದೆ ಸರಿದ ಹಾಗೆ ಕಾಣುತ್ತೆ, ಕೆಂಪು ಕಿತ್ತಳೆ ಕಡೆಯವು ಮುಂದೆ ಬಂದ ಹಾಗೆ. ಆದ್ರೆ ಇದನ್ನ ಕಣ್ಮುಚ್ಕೊಂಡು ಪಾಲಿಸ್ಬೇಡಿ, ನೇರ ಬಿಸಿಲು ಬರದ ಕಿಟಕಿ ಇದ್ರೆ ಆಕಾಶದಿಂದ ಬರೋ ಬೆಳಕೇ ನೀಲಿ ಕಡೆ ಇರುತ್ತೆ, ಅಲ್ಲಿ ತಂಪು ಬೂದು ಹೊಡೆದ್ರೆ ರೂಮು ಮಂಕಾಗಿ ಕೂತ್ಬಿಡುತ್ತೆ, ಅಚ್ಚ ಬಿಳಿನೂ ಮೂಲೆಗಳಲ್ಲಿ ಕೊಳೆಯಾದ ಹಾಗೆ ಕಾಣುತ್ತೆ. ಅಂಥ ಕಡೆ ಹಳದಿ ಛಾಯೆ ಇರೋ ಕ್ರೀಮ್ ಒಳ್ಳೇದು. ಕಿಟಕಿನೇ ಇಲ್ಲದ ಪುಟ್ಟ ಜಾಗ ಆದ್ರೆ ಧೈರ್ಯ ಮಾಡಿ ಗಾಢ ಬಣ್ಣನೇ ಸೀಲಿಂಗ್ ಸಮೇತ ಹೊಡ್ಸಿ ನೋಡಬಹುದು, ಮೂಲೆಗಳೇ ಕತ್ತಲಲ್ಲಿ ಕಳೆದು ಹೋಗೋದ್ರಿಂದ ಗೋಡೆ ಎಲ್ಲಿ ಅಂತ ಸರಿಯಾಗಿ ಗೊತ್ತಾಗಲ್ಲ.

ಉದ್ದಕ್ಕೆ ಕಿರಿದಾಗಿರೋ ರೂಮಾದ್ರೆ ಉದ್ದದ ಎರಡು ಗೋಡೆ ತಿಳಿ ಇಟ್ಟು, ಕೊನೇಲಿರೋ ಚಿಕ್ಕ ಗೋಡೆಗೆ ಅದೇ ಬಣ್ಣದ ಒಂದೆರಡು ಮೆಟ್ಟಿಲು ಗಾಢ ಶೇಡ್ ಹಾಕ್ಸಿ, ಆ ಗೋಡೆ ಹತ್ರ ಬಂದ ಹಾಗಾಗಿ ಸುರಂಗದ ಥರ ಅನ್ಸೋದು ಕಡಿಮೆಯಾಗುತ್ತೆ.

ಶೇಡ್ ಕಾರ್ಡಿನ ಚಿಕ್ಕ ಚೌಕ ನೋಡಿ ಆರ್ಡರ್ ಮಾಡೋದು ಮಾತ್ರ ಬೇಡವೇ ಬೇಡ. ಎದುರುಬದುರು ಗೋಡೆ ಒಂದರ ಬಣ್ಣ ಇನ್ನೊಂದಕ್ಕೆ ಎರಚುತ್ತೆ, ಅದೂ ಚಿಕ್ಕ ರೂಮಲ್ಲಿ ಜಾಸ್ತಿ, ಹಾಗಾಗಿ ಕಾರ್ಡಲ್ಲಿ ತಿಳಿ ಅನ್ಸಿದ್ದು ನಾಲ್ಕೂ ಗೋಡೆಗೆ ಬಂದಾಗ ಗಾಢ ಆಗಿರುತ್ತೆ, ಅನುಮಾನ ಇದ್ರೆ ಒಂದು ಶೇಡ್ ತಿಳಿ ಕಡೆಗೇ ಹೋಗಿ. ನೆಲ ಕೆಂಪಿದ್ರೆ ಗೋಡೆ ಕೆಳಭಾಗಕ್ಕೆ ಅದರ ರಂಗು ಬೀಳುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಪರೀಕ್ಷೆ ಮಾಡೋಕೆ ಸ್ಯಾಂಪಲ್ ಡಬ್ಬಿ ತಗೊಂಡು ದಪ್ಪ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹೊಡೀರಿ, ಪೂರ್ತಿ ಒಣಗ್ಲಿ, ಹಸಿ ಬಣ್ಣನೇ ಬೇರೆ ಒಣಗಿದ್ದೇ ಬೇರೆ. ಅಂಚಿನ ಬಿಳಿ ಭಾಗ ಕತ್ತರಿಸಿ ತೆಗೀರಿ, ಇಲ್ಲಾಂದ್ರೆ ಆ ಬಿಳಿ ಪಕ್ಕ ಬಣ್ಣ ಇದ್ದದ್ದಕ್ಕಿಂತ ಗಾಢವಾಗಿ ಕಾಣುತ್ತೆ. ಆಮೇಲೆ ಆ ಶೀಟನ್ನ ಕಿಟಕಿ ಪಕ್ಕದ ಗೋಡೆ, ಕಿಟಕಿ ಎದುರಿನ ಗೋಡೆ, ಮೂಲೆ ಎಲ್ಲಾ ಕಡೆ ಅಂಟಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ರಾತ್ರಿ ನೀವು ಉರಿಸೋ ಬಲ್ಬಲ್ಲೇ ನೋಡ್ಬೇಕು, 2700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹಳದಿ ಬಲ್ಬಲ್ಲಿ ಚೆನ್ನಾಗಿರೋ ಕ್ರೀಮ್ 6500 ಕೆಲ್ವಿನ್ ಬಿಳಿ ಬಲ್ಬಲ್ಲಿ ಬೇರೆನೇ ಬಣ್ಣ ಆಗ್ಬಿಟ್ಟಿರುತ್ತೆ.

ಫಿನಿಶ್ ಬಗ್ಗೆ ತುಂಬ ಜನ ಗ್ಲಾಸಿ, ಅಂದ್ರೆ ಪೂರ್ತಿ ಹೊಳೆಯೋ ಪೇಂಟ್, ಹಾಕ್ಸಿದ್ರೆ ಬೆಳಕು ಜಾಸ್ತಿ ಅಂತಾರೆ. ಹೊಳಪು ಬರುತ್ತೆ ನಿಜ, ಜೊತೆಗೆ ಪುಟ್ಟಿ ಸರಿಯಾಗಿ ಉಜ್ಜದ ಒಂದೊಂದು ಉಬ್ಬು ತಗ್ಗೂ ಎದ್ದು ಕಾಣುತ್ತೆ. ಗೋಡೆಗೆ ಹೊಳಪಿಲ್ಲದ ಮ್ಯಾಟ್ ಅಥ್ವಾ ಸ್ವಲ್ಪವೇ ಹೊಳೆಯೋದು ಸಾಕು.

ಹೊಡೆಯೋವಾಗ ಸೀಲಿಂಗ್ ಮೊದ್ಲು, ಗೋಡೆ ಆಮೇಲೆ, ಕೊನೇಲಿ ಚೌಕಟ್ಟು ಸ್ಕರ್ಟಿಂಗ್. ಡಬ್ಬಿ ಒಂದಕ್ಕಿಂತ ಜಾಸ್ತಿ ಇದ್ರೆ ಎಲ್ಲಾನೂ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ ಶುರು ಮಾಡೋಕೆ ಪೇಂಟರಿಗೆ ಹೇಳಿ, ಟಿಂಟ್ ಮಾಡೋವಾಗ ಡಬ್ಬಿಯಿಂದ ಡಬ್ಬಿಗೆ ಕೂದಲೆಳೆಯಷ್ಟು ವ್ಯತ್ಯಾಸ ಬಂದ್ರೂ ಗೋಡೆ ಮಧ್ಯದಲ್ಲಿ ಹೊಸ ಗೆರೆ ಬಂದ್ಬಿಡುತ್ತೆ.