ಹಾಸನಾಂಬೆಯ ದರ್ಶನವೂ ಪ್ರೆಸೆಂಟ್ ಪರ್ಫೆಕ್ಟೂ

ಬಿ.ಇಡ್. ಪರೀಕ್ಷೆಗೆ ಅನುಗಮನ, ನಿಗಮನ ಪದ್ಧತಿಗಳ ವ್ಯತ್ಯಾಸವನ್ನು ಉರು ಹೊಡೆದು ಬರೆದವಳು ನಾನು. ಉದಾಹರಣೆಗಳಿಂದ ನಿಯಮಕ್ಕೆ ಹೋದರೆ ಅನುಗಮನ. ನಿಯಮ ಹೇಳಿ ಉದಾಹರಣೆ ಕೊಟ್ಟರೆ ನಿಗಮನ. ಬೇಲೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಇಂಗ್ಲಿಷ್ ಮೇಡಂ ಆಗಿ ಬಂದ ಮೇಲೆ ಮೊದಲ ಮೂರು ವರ್ಷ ಮಾಡಿದ್ದು ಮಾತ್ರ ಒಂದೇ: ಬೋರ್ಡಿನ ಮೇಲೆ ಸೂತ್ರ, ಕೆಳಗೆ ಐದು ವಾಕ್ಯ, 'ಬರ್ಕೊಳ್ಳಿ'. ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ಮರುದಿನ 'ಐ ಹ್ಯಾವ್ ರಿಟನ್ ಹೋಂವರ್ಕ್ ಯೆಸ್ಟರ್ಡೇ' ಎನ್ನುವುದೂ ತಪ್ಪುತ್ತಿರಲಿಲ್ಲ.

ಅವರ ತಪ್ಪೇನೂ ಇಲ್ಲ. 'ನಿನ್ನೇನೇ ಬರ್ದಿದ್ದೀನಿ ಮೇಡಂ' ಅನ್ನುವುದು ಒಳ್ಳೆ ಕನ್ನಡ. ನಮ್ಮಲ್ಲಿ 'ಬರೆದಿದ್ದೇನೆ' ಪಕ್ಕದಲ್ಲಿ 'ನಿನ್ನೆ' ಆರಾಮಾಗಿ ಕೂರುತ್ತದೆ, ಇಂಗ್ಲಿಷಿನ 'ಹ್ಯಾವ್ ರಿಟನ್' ಎಂಬ ಪ್ರೆಸೆಂಟ್ ಪರ್ಫೆಕ್ಟ್ ಪಕ್ಕದಲ್ಲಿ ಕೂರುವುದಿಲ್ಲ, ಅಲ್ಲಿ 'ರೋಟ್' ಬೇಕು. ಇದು ಸೂತ್ರ ಬರೆಸುವ ನನಗೇ ಹೊಳೆದಿರಲಿಲ್ಲ.

ಆ ವರ್ಷ ದೀಪಾವಳಿ ರಜೆ ಮುಗಿದಿತ್ತು. ಹಾಸನಾಂಬೆ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವೇ ದಿನ ಬಾಗಿಲು ತೆಗೆಯುವುದರಿಂದ ತರಗತಿಯಲ್ಲಿ ಅದೇ ಮಾತು. ಯಾರ್ಯಾರು ನೋಡಿದ್ದೀರಿ ಎಂದು ಕೇಳುತ್ತ ಬೋರ್ಡನ್ನು ಎರಡು ಭಾಗ ಮಾಡಿದೆ. ಎಡಕ್ಕೆ: 'ಐ ಹ್ಯಾವ್ ಸೀನ್ ಹಾಸನಾಂಬ', 'ಶೀ ಹ್ಯಾಸ್ ಸೀನ್ ಹಾಸನಾಂಬ ಟ್ವೈಸ್'. ಬಲಕ್ಕೆ: 'ಐ ಸಾ ಹಾಸನಾಂಬ ಲಾಸ್ಟ್ ಇಯರ್', 'ಶೀ ಸಾ ಹಾಸನಾಂಬ ಆನ್ ಫ್ರೈಡೇ'. ಸೀಮೆಸುಣ್ಣ ಇಟ್ಟು ಸುಮ್ಮನೆ ಕೂತೆ. ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಹಿಂದಿನ ಬೆಂಚಿನ ಹುಡುಗಿ ಎದ್ದಳು: 'ಬಲಗಡೆ ಎಲ್ಲದ್ರಲ್ಲೂ ಯಾವಾಗ ಅಂತ ಇದೆ. ಎಡಗಡೆ ಇಲ್ಲ.' ಕೂಡಲೇ ಒಬ್ಬ ತಕರಾರು ತೆಗೆದ: 'ಟ್ವೈಸ್ ಇದ್ಯಲ್ಲ, ಅದೂ ಟೈಮೇ ತಾನೇ?' ನಾನು ಬಾಯಿ ತೆರೆಯುವ ಮೊದಲೇ ಪಕ್ಕದವನು, 'ಎಷ್ಟು ಸಲ ಅನ್ನೋದು ಬೇರೆ, ಯಾವಾಗ ಅನ್ನೋದು ಬೇರೆ ಕಣೋ' ಎಂದ. ಈ ಜಗಳ ನನ್ನ ಯಾವ ನೋಟ್ಸಿನಲ್ಲೂ ಇರಲಿಲ್ಲ. ಎರಡು ವಾಕ್ಯದ ನಿಯಮಕ್ಕೆ ಪೂರ್ತಿ ಪೀರಿಯಡ್ ಹೋಯಿತು, ಹೋಗಲಿ.

ಗೆದ್ದ ಹುಮ್ಮಸ್ಸಿನಲ್ಲಿ ಎಂಟನೇ ತರಗತಿಗೆ 'ಗೋಸ್', 'ಈಟ್ಸ್' ಕೂಡ ಹೀಗೇ ಕಲಿಸಲು ಹೋಗಿ ಮುಗ್ಗರಿಸಿದೆ. ಅವಸರದಲ್ಲಿ ಬರೆದ ಉದಾಹರಣೆಗಳಲ್ಲೆಲ್ಲ ರಾಮು, ಗೀತಾ, ಸೋಮು. ಮಕ್ಕಳು ನ್ಯಾಯವಾಗಿಯೇ ಕಂಡುಕೊಂಡರು: ಹೆಸರಿದ್ದರೆ ಎಸ್ ಸೇರಿಸಬೇಕು. 'ಹಿ ಗೋ', 'ರಾಮು ಆ್ಯಂಡ್ ಗೀತಾ ಗೋಸ್' ಎಂದು ಎರಡು ವಾರ ಬರೆದರು. ಬೇರೆಯವರು ಹೇಳಿದ ನಿಯಮವಾದರೆ ಮರೆಯುತ್ತಿದ್ದರೇನೋ. ತಾವೇ ಕಂಡುಹಿಡಿದದ್ದು, ಬಿಡಲಿಲ್ಲ. ಈಗ ಉದಾಹರಣೆಗಳನ್ನು ಹಿಂದಿನ ರಾತ್ರಿಯೇ ಬರೆದು, ಇದರಿಂದ ಯಾವ ತಪ್ಪು ನಿಯಮ ಹುಟ್ಟಬಹುದು ಎಂದು ನೋಡಿಕೊಂಡೇ ಮಲಗುತ್ತೇನೆ.

ಪ್ಯಾಸಿವ್ ವಾಯ್ಸ್‌ನಲ್ಲಿ, ಅಂದರೆ ಕರ್ಮಣಿ ಪ್ರಯೋಗದಲ್ಲಿ, ಮಾತ್ರ ನಾನು ಸೂತ್ರಕ್ಕೇ ವಾಪಸಾದೆ. 'ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ' ಎನ್ನುವಾಗ ಕನ್ನಡದಲ್ಲಿ ದೇವಾಲಯ ಮುಂದೆ ಬಂದರೂ 'ಅನ್ನು' ಪ್ರತ್ಯಯ ಕಾಪಾಡುತ್ತದೆ. ಅದೇ ಧಾಟಿಯಲ್ಲಿ ಮಕ್ಕಳು 'ದ ಟೆಂಪಲ್ ಬಿಲ್ಟ್ ವಿಷ್ಣುವರ್ಧನ' ಎಂದು ಬರೆದು, ಗುಡಿಯ ಕೈಲೇ ರಾಜನನ್ನು ಕಟ್ಟಿಸಿದ್ದರು! ಎಷ್ಟು ಉದಾಹರಣೆ ಕೊಟ್ಟರೂ ಹಿಡಿಯಲು ಅವರಿಗೆ ಮನೆಮಾತಿನಲ್ಲಿ ಕೊಂಬೆಯೇ ಇಲ್ಲ. 'ವಾಸ್, ಆಮೇಲೆ ವಿ-ತ್ರೀ (ಸೀನ್, ರಿಟನ್ ಥರದ ಕ್ರಿಯಾಪದದ ಮೂರನೇ ರೂಪ), ಆಮೇಲೆ ಬೈ' ಎಂದು ನೇರ ಹೇಳಿ, ಹತ್ತು ವಾಕ್ಯ ಮಾಡಿಸಿದೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗಲೂ ನಾನು ಇದೇ ದಾರಿ ಹಿಡಿಯುತ್ತೇನೆ, ನಾಚಿಕೆಯೇನಿಲ್ಲ.

ಮೊನ್ನೆ ಒಬ್ಬ 'ಹಾಸನಾಂಬ ವಾಸ್ ಸೀನ್ ಬೈ ಮಿ' ಎಂದು ಬರೆದು ತಂದ. ಸೂತ್ರದ ಪ್ರಕಾರ ಸರಿ, ರೈಟ್ ಹಾಕಿದೆ. ಆಮೇಲೆ ತಡೆಯಲಾಗದೆ, ಇದನ್ನು ಕನ್ನಡದಲ್ಲಿ ಹೇಳು ನೋಡೋಣ ಎಂದೆ. 'ಹಾಸನಾಂಬೆ ನನ್ನಿಂದ ನೋಡಲ್ಪಟ್ಟಳು' ಎಂದ. ಇಡೀ ತರಗತಿ ನಕ್ಕಿತು. ಅವನೂ ನಕ್ಕು, ಪುಸ್ತಕ ಎಳೆದುಕೊಂಡು, ನನ್ನ ರೈಟಿನ ಪಕ್ಕದಲ್ಲೇ 'ಐ ಸಾ' ಎಂದು ಬರೆಯತೊಡಗಿದ.