ಬರ್ಲಿನ್‌ನಲ್ಲಿ ಹೊಸ ಸಂಸಾರ: ಮೊದಲು ಅಂಚೆಪೆಟ್ಟಿಗೆಗೆ ಹೆಸರು ಅಂಟಿಸಿ

ಒಬ್ಬರಿಗೆ ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ, ಇನ್ನೊಬ್ಬರು ಜೊತೆಗೆ ಹೊರಟಿದ್ದಾರೆ. ಸೂಟ್‌ಕೇಸ್‌ನಲ್ಲಿ ಏನೇನು ತುಂಬಬೇಕು ಎಂಬ ಚರ್ಚೆ ತಿಂಗಳುಗಟ್ಟಲೆ ನಡೆದಿರುತ್ತದೆ. ಇಳಿದ ಮೇಲೆ ಯಾವುದರ ಹಿಂದೆ ಯಾವುದು ಎಂಬುದನ್ನು ಮಾತ್ರ ಹೆಚ್ಚಿನವರು ಯೋಚಿಸಿರುವುದಿಲ್ಲ. ಆ ಊರಿನಲ್ಲಿ ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ಆರೋಗ್ಯ ವಿಮೆಯ ಕಾರ್ಡ್ ಎಲ್ಲ ಬರುವುದು ಲಕೋಟೆಯಲ್ಲಿ, ಅಂಚೆಯವರ ಕೈಯಲ್ಲಿ. ಲಕೋಟೆ ತಪ್ಪಿದರೆ ಸಂಬಳದ ಲೆಕ್ಕದವರೆಗೆ ಎಲ್ಲವೂ ತಪ್ಪುತ್ತದೆ. ಆದ್ದರಿಂದ ಕ್ರಮ ಹೀಗಿರಲಿ.

1. ಮನೆ

ಜಾಹೀರಾತಿನಲ್ಲಿ ‘2 ತ್ಸಿಮರ್’ ಎಂದರೆ ಎರಡು ಬೆಡ್‌ರೂಮ್ ಅಲ್ಲ. ಹಾಲ್ ಒಂದು, ಬೆಡ್‌ರೂಮ್ ಒಂದು. ಇಬ್ಬರಿಗೆ ಅಷ್ಟು ಸಾಕು. ಬಾಡಿಗೆಗೆ ಎರಡು ಅಂಕಿ ಇರುತ್ತವೆ. ‘ಕಾಲ್ಟ್‌ಮೀಟೆ’ ಬರೀ ಜಾಗದ ಬಾಡಿಗೆ. ‘ವಾರ್ಮ್‌ಮೀಟೆ’ಯಲ್ಲಿ ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಸೇರಿರುತ್ತದೆ. ಕರೆಂಟು, ಇಂಟರ್ನೆಟ್ ಹೆಚ್ಚಿನ ಮನೆಗಳಲ್ಲಿ ಬೇರೆ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕನ್ನು ಕಾನೂನೇ ಕೊಟ್ಟಿದೆ. ‘ಐನ್‌ಬೌಕ್ಯುಷೆ’ ಎಂಬ ಪದ ಜಾಹೀರಾತಿನಲ್ಲಿ ಇಲ್ಲವೆಂದರೆ ಅಡುಗೆಮನೆಯಲ್ಲಿ ಕಪಾಟು, ಫ್ರಿಜ್ ನಿರೀಕ್ಷಿಸಬೇಡಿ. ಚಾವಣಿಯಲ್ಲಿ ದೀಪದ ಬದಲು ಎರಡು ತುಂಡು ವೈರು ನೇತಾಡುತ್ತಿದ್ದರೆ ಗಾಬರಿಯೂ ಬೇಡ, ಹಿಂದಿನವರು ತಮ್ಮ ದೀಪ ಕಳಚಿಕೊಂಡು ಹೋಗುವುದು ಅಲ್ಲಿನ ರೂಢಿ.

ಮೊದಲ ಮೂರು ತಿಂಗಳಿಗೆ ಪೀಠೋಪಕರಣ ಇರುವ ತಾತ್ಕಾಲಿಕ ಮನೆಯೇ ಸರಿ. ಆದರೆ ಮಾತಿನ ಆರಂಭದಲ್ಲೇ ಒಂದು ಪ್ರಶ್ನೆ ಕೇಳಿ: ಈ ವಿಳಾಸದಲ್ಲಿ ‘ಅನ್‌ಮೆಲ್ಡುಂಗ್’, ಅಂದರೆ ವಿಳಾಸ ನೋಂದಣಿ, ಮಾಡಬಹುದೇ? ‘ಇಲ್ಲ’ ಅಥವಾ ‘ನೋಡೋಣ’ ಎಂದರೆ ಎಷ್ಟೇ ಅಗ್ಗವಾದರೂ ಬೇಡ. ಮಾಲೀಕರು ಬೇರೆ ದೇಶದಲ್ಲಿದ್ದಾರೆ, ದುಡ್ಡು ಹಾಕಿದರೆ ಬೀಗದಕೈ ಕೊರಿಯರ್‌ನಲ್ಲಿ ಬರುತ್ತದೆ ಎಂದರಂತೂ ಅದು ಮೋಸವೇ.

2. ಅಂಚೆಪೆಟ್ಟಿಗೆ

ಹೆಚ್ಚಿನವರು ಎಡವುವುದು ಇಲ್ಲಿ, ಏಕೆಂದರೆ ಇದೊಂದು ಕೆಲಸ ಎಂದೇ ಅನಿಸುವುದಿಲ್ಲ. ಬರ್ಲಿನ್‌ನ ಹೆಚ್ಚಿನ ಕಟ್ಟಡಗಳಲ್ಲಿ ಮನೆಗಳಿಗೆ ನಂಬರ್ ಇಲ್ಲ. ವಿಳಾಸ ಎಂದರೆ ಬೀದಿ, ಕಟ್ಟಡದ ಸಂಖ್ಯೆ, ಐದಂಕಿಯ ಪಿನ್‌ಕೋಡ್, ಅಷ್ಟೇ. ಒಳಗೆ ಬೀದಿಗೆ ಮುಖಮಾಡಿದ ಫೋರ್ಡರ್‌ಹೌಸ್, ಅಂಗಳದಾಚೆಯ ಹಿಂಟರ್‌ಹೌಸ್, ಎರಡನ್ನೂ ಕೂಡಿಸುವ ಜೈಟೆನ್‌ಫ್ಲ್ಯೂಗೆಲ್ ಸೇರಿ ಮೂವತ್ತು ಮನೆಗಳಿರಬಹುದು. ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು ಮಾತ್ರ. ಲಕೋಟೆಯ ಹೆಸರು ಅಲ್ಲಿ ಕಾಣದಿದ್ದರೆ ಅದು ಬಂದ ದಾರಿಯಲ್ಲೇ ವಾಪಸ್.

ಬೀಗದಕೈ ಸಿಕ್ಕ ದಿನವೇ ಇಬ್ಬರ ಹೆಸರನ್ನೂ ಅಂಟಿಸಿ. ಗಂಡನ ಹೆಸರು ಸಾಕು ಎನ್ನುವುದು ದೊಡ್ಡ ತಪ್ಪು. ನಮ್ಮಲ್ಲಿ ಗಂಡನ ಸರ್‌ನೇಮ್ ಊರಿನ ಹೆಸರಾಗಿ, ಹೆಂಡತಿಯದು ಅವಳ ತಂದೆಯ ಹೆಸರಾಗಿ ಇರುವುದು ಮಾಮೂಲು. ಹಾಗಿದ್ದರೆ ಎರಡು ಸರ್‌ನೇಮೂ ಪೆಟ್ಟಿಗೆಯ ಮೇಲೆ ಬೇಕು. ಇನಿಷಿಯಲ್ ಬೇಡ, ಪಾಸ್‌ಪೋರ್ಟ್‌ನಲ್ಲಿ ಬಿಡಿಸಿ ಬರೆದಂತೆಯೇ, ಅದೇ ಸ್ಪೆಲಿಂಗ್‌ನಲ್ಲಿ ಬರಲಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾನೆ ಖಾಲಿ ಇರುವವರು ಜರ್ಮನ್ ವೀಸಾದಲ್ಲಿ ಹೆಸರು ಹೇಗೆ ಅಚ್ಚಾಗಿದೆಯೋ ಹಾಗೆ ಹಾಕಬೇಕು. ಬೇರೆಯವರ ಮನೆಯಲ್ಲಿ ಒಳಬಾಡಿಗೆಗೆ ಇದ್ದೂ ಪೆಟ್ಟಿಗೆಗೆ ನಿಮ್ಮ ಹೆಸರು ಹಾಕಲು ಆಗದಿದ್ದರೆ, ವಿಳಾಸ ಕೊಡುವಲ್ಲೆಲ್ಲ ನಿಮ್ಮ ಹೆಸರಿನ ಕೆಳಗೆ ‘ಸಿ/ಒ’ ಹಾಕಿ ಪೆಟ್ಟಿಗೆಯ ಮೇಲಿರುವ ಹೆಸರು ಬರೆಯಿರಿ.

ಅಚ್ಚುಕಟ್ಟಾದ ಫಲಕವನ್ನು ಕಟ್ಟಡ ನೋಡಿಕೊಳ್ಳುವ ಹೌಸ್‌ಫೆರ್ವಾಲ್ಟುಂಗ್ ಮಾಡಿಸಿಕೊಡಬಹುದು, ಆದರೆ ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ಅಲ್ಲಿಯವರೆಗೆ ದಪ್ಪ ಕಾಗದದ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ದೊಡ್ಡಕ್ಷರದಲ್ಲಿ ಬರೆದು, ಅಗಲದ ಪಾರದರ್ಶಕ ಟೇಪನ್ನು ನಾಲ್ಕೂ ಅಂಚು ಮುಚ್ಚುವಂತೆ ಅಂಟಿಸಿ. ಇಂಕ್‌ಪೆನ್ ಅಕ್ಷರ ಮಳೆಗೆ ಹೋಗುತ್ತದೆ, ಹಳದಿ ಸ್ಟಿಕಿ ನೋಟು ಗಾಳಿಗೆ ಹೋಗುತ್ತದೆ. ಹೊರಬಾಗಿಲಿನ ಕಾಲಿಂಗ್ ಬೆಲ್‌ಗೂ ಇದೇ ಹೆಸರು ಬೇಕು, ಇಲ್ಲದಿದ್ದರೆ ಪಾರ್ಸೆಲ್‌ನವರು ಯಾವ ಗುಂಡಿ ಒತ್ತಬೇಕು?

3. ನೋಂದಣಿ

ಮನೆ ಸೇರಿದ 14 ದಿನದೊಳಗೆ ಆಗಬೇಕು ಎನ್ನುತ್ತದೆ ಕಾನೂನು; ತಪ್ಪಿದರೆ 1,000 ಯೂರೊವರೆಗೆ ದಂಡಕ್ಕೆ ಅವಕಾಶವಿದೆ. ನೋಂದಣಿ ನಡೆಯುವುದು ಬ್ಯುರ್ಗರ್‌ಆಮ್ಟ್ ಎಂಬ ಕಚೇರಿಯಲ್ಲಿ. ನಿಮ್ಮ ಬಡಾವಣೆಯದ್ದೇ ಆಗಬೇಕಿಲ್ಲ, ನಗರದ ಯಾವ ಬ್ಯುರ್ಗರ್‌ಆಮ್ಟ್ ಆದರೂ ನಡೆಯುತ್ತದೆ. ಹತ್ತಿರದ್ದರಲ್ಲಿ ಸಮಯ ಇಲ್ಲ ಎಂದು ತಿಂಗಳು ಕಾಯುವವರು ಗಮನಿಸಿ: ಆನ್‌ಲೈನ್ ಬುಕಿಂಗ್‌ನಲ್ಲಿ ‘ಇಡೀ ಬರ್ಲಿನ್’ ಆರಿಸಿಕೊಂಡು ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಪುಟವನ್ನು ಮತ್ತೆ ಮತ್ತೆ ತೆರೆಯಿರಿ, ಇತರರು ರದ್ದು ಮಾಡಿದ ಸಮಯಗಳು ಅಲ್ಲಿ ಕಾಣಿಸಿಕೊಳ್ಳುತ್ತವೆ. 115ಕ್ಕೆ ಫೋನ್ ಮಾಡಿಯೂ ಕೇಳಬಹುದು. ಸಮಯ ಕೊಡಿಸುತ್ತೇವೆಂದು ದುಡ್ಡು ಕೇಳುವವರಿಗೆ ಒಂದು ಸೆಂಟೂ ಕೊಡಬೇಡಿ. ನೋಂದಣಿ ಪೂರ್ತಿ ಉಚಿತ.

ಒಯ್ಯಬೇಕಾದ್ದು: ಇಬ್ಬರ ಪಾಸ್‌ಪೋರ್ಟ್, ತುಂಬಿದ ಅರ್ಜಿ, ಮದುವೆ ಪ್ರಮಾಣಪತ್ರದ ಮೂಲಪ್ರತಿ ಮತ್ತು ಪ್ರಮಾಣಿತ ಅನುವಾದಕರು ಮಾಡಿದ ಜರ್ಮನ್ ಅನುವಾದ, ಕೊನೆಗೆ ‘ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್’. ಹೆಸರು ಬಾಯಿಗೆ ಬರದಿದ್ದರೂ ಪರವಾಗಿಲ್ಲ, ಕಾಗದ ಕೈಗೆ ಬರಬೇಕು. ಇವರು ನನ್ನ ಮನೆಗೆ ಇಂಥ ದಿನ ಬಂದು ಸೇರಿದ್ದಾರೆ ಎಂದು ಮನೆ ಕೊಟ್ಟವರು ಬರೆದುಕೊಡುವ ಒಂದು ಪುಟ ಅದು. ಬಾಡಿಗೆ ಕರಾರು ಅದರ ಬದಲಿಗೆ ನಡೆಯುವುದಿಲ್ಲ. ಹೊಸಬರು ಬರಿಗೈಯಲ್ಲಿ ಹಿಂತಿರುಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಅದರಲ್ಲಿ ಇಬ್ಬರ ಹೆಸರೂ ಇದೆಯೇ, ದಿನಾಂಕ ಕರಾರಿಗೆ ಸಹಿ ಹಾಕಿದ ದಿನದ್ದಾಗಿರದೆ ಮನೆ ಸೇರಿದ ದಿನದ್ದೇ ಆಗಿದೆಯೇ ಎಂದು ಅಲ್ಲೇ ನಿಂತು ಓದಿ. ಇರದ ಮನೆಯ ವಿಳಾಸಕ್ಕೆ ಈ ಕಾಗದವನ್ನು ದುಡ್ಡಿಗೆ ಮಾರುವವರಿದ್ದಾರೆ. ಅದು ಅಪರಾಧ, ಮಾರಿದವರಿಗೆ 50,000 ಯೂರೊವರೆಗೆ ದಂಡ ಬೀಳಬಹುದು. ಆ ವಿಳಾಸಕ್ಕೆ ಹೋದ ನಿಮ್ಮ ಕಾಗದಗಳಂತೂ ನಿಮ್ಮ ಕೈಸೇರುವುದಿಲ್ಲ.

ಗಂಡ ಹೆಂಡತಿ ಹಿಂದೆಯೂ ಒಂದೇ ವಿಳಾಸದಲ್ಲಿದ್ದು ಈಗಲೂ ಒಂದೇ ಮನೆಗೆ ಬಂದಿದ್ದರೆ ಒಂದೇ ಅರ್ಜಿ ಸಾಕು, ಒಬ್ಬರ ಸಹಿಯೂ ಸಾಕು. ಅರ್ಜಿಯ ಧರ್ಮದ ಕಾಲಂನಲ್ಲಿ ಎಚ್ಚರ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆದರೆ ಆದಾಯ ತೆರಿಗೆಯ ಮೇಲೆ 9% ಚರ್ಚ್ ತೆರಿಗೆ ಪ್ರತಿ ತಿಂಗಳ ಸಂಬಳದಲ್ಲಿ ಹೋಗುತ್ತದೆ. ಸುಮ್ಮನೆ ತುಂಬುವ ಕಾಲಂ ಅಲ್ಲ ಅದು.

ಕೆಲಸ ಮುಗಿದರೆ ಅಲ್ಲೇ ನೋಂದಣಿ ಪತ್ರ ಕೊಡುತ್ತಾರೆ. ಕೌಂಟರ್ ಬಿಡುವ ಮೊದಲು ಸ್ಪೆಲಿಂಗ್, ಜನ್ಮದಿನಾಂಕ ಓದಿ ನೋಡಿ. ಆಗಲೇ ತಿದ್ದಿಸಿದರೆ ಒಂದು ನಿಮಿಷದ ಕೆಲಸ, ಆಮೇಲೆ ಅದಕ್ಕೇ ಇನ್ನೊಂದು ಅಪಾಯಿಂಟ್‌ಮೆಂಟ್ ಬೇಕು.

4. ಬರುವ ಲಕೋಟೆಗಳು

ಕೆಲವು ವಾರಗಳಲ್ಲಿ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಇಬ್ಬರಿಗೂ ಬೇರೆ ಬೇರೆ ಲಕೋಟೆಯಲ್ಲಿ ಬರುತ್ತದೆ. ಕೆಲಸದಲ್ಲಿರುವವರು ಕೂಡಲೇ ಕಂಪನಿಗೆ ಕೊಡಬೇಕು, ಇಲ್ಲವಾದರೆ ಅತಿ ಹೆಚ್ಚು ಹಿಡಿಯುವ ಆರನೇ ವರ್ಗದಲ್ಲಿ ತೆರಿಗೆ ಕಡಿತವಾಗಬಹುದು. ಬ್ಯಾಂಕ್ ಕಾರ್ಡ್ ಒಂದು ದಿನ, ಅದರ ಪಿನ್ ಇನ್ನೊಂದು ದಿನ ಬರುವುದು ಸಾಮಾನ್ಯ. ಬಿಳಿ ಲಕೋಟೆ ಎಂದು ಜಾಹೀರಾತಿನ ಜೊತೆ ಎಸೆಯಬೇಡಿ.

ಆಮೇಲೆ ಬರುತ್ತದೆ ರೇಡಿಯೊ, ಟೀವಿ ಶುಲ್ಕದ ಪತ್ರ. ‘ನಮ್ಮನೆಯಲ್ಲಿ ಟೀವಿಯೇ ಇಲ್ಲ’ ಎಂದರೂ ಕಟ್ಟಲೇಬೇಕು. ಆದರೆ ತಿಂಗಳಿಗೆ 18.36 ಯೂರೊ ಮನೆಗೆ ಒಂದೇ, ತಲೆಗೊಂದು ಅಲ್ಲ. ಪತ್ರ ಇಬ್ಬರಿಗೂ ಬರಬಹುದು. ಒಬ್ಬರು ಕಟ್ಟಲಿ, ಇನ್ನೊಬ್ಬರು ಸುಮ್ಮನಿರದೆ, ಕಟ್ಟುವವರ ಒಂಬತ್ತು ಅಂಕಿಯ ಶುಲ್ಕ ಸಂಖ್ಯೆ ಬರೆದು ಉತ್ತರಿಸಬೇಕು. ಉತ್ತರಿಸದಿದ್ದರೆ ಅವರ ಹೆಸರಿಗೂ ಇನ್ನೊಂದು ಖಾತೆ ತೆರೆದು ಬಾಕಿ ಬೆಳೆಸುತ್ತಾರೆ.

5. ಮಿಕ್ಸಿ, ಕುಕ್ಕರ್

ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಮಿಕ್ಸಿ ಓಡುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಕೂರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಮಾರುವ ‘ಎಲ್ಲ ದೇಶಕ್ಕೂ ಒಂದೇ’ ಅಡಾಪ್ಟರ್‌ಗಳಲ್ಲಿ ಬಹಳಷ್ಟಕ್ಕೆ ಅರ್ಥಿಂಗ್ ಇರುವುದಿಲ್ಲ. ಮಿಕ್ಸಿಗೆ ಅದು ಬೇಡ, ಅರ್ಥಿಂಗ್ ಇರುವ ಜರ್ಮನ್ ಪ್ಲಗ್ಗನ್ನೇ ಹಾಕಿಸಿ. ಅಲ್ಯುಮಿನಿಯಂ ಕುಕ್ಕರ್ ಗಾಜಿನ ಮೇಲ್ಮೈಯ ಮಾಮೂಲಿ ಕರೆಂಟ್ ಒಲೆಯಲ್ಲಿ ಬಿಸಿಯಾಗುತ್ತದೆ, ಇಂಡಕ್ಷನ್ ಒಲೆಯಲ್ಲಿ ಆಗುವುದಿಲ್ಲ. ಎರಡೂ ಒಲೆ ನೋಡಲು ಒಂದೇ ಥರ, ಮಾಲೀಕರನ್ನು ಕೇಳಿಯೇ ಕುಕ್ಕರ್ ಒಯ್ಯಿರಿ.

6. ಊರು ಸುತ್ತುವುದು

ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಟ್ಟು ಭಾನುವಾರ ತಿರುಗಾಟಕ್ಕೆ ಇಟ್ಟುಕೊಳ್ಳಿ. ಇಡೀ ದೇಶದ ಸ್ಥಳೀಯ ಬಸ್ಸು, ರೈಲುಗಳಲ್ಲಿ ನಡೆಯುವ ಪಾಸ್ ಆದ ಡಾಯ್ಚ್‌ಲ್ಯಾಂಡ್ ಟಿಕೆಟ್ 2026ರಿಂದ ತಿಂಗಳಿಗೆ 63 ಯೂರೊ, ಒಬ್ಬರ ಹೆಸರಿನದನ್ನು ಇನ್ನೊಬ್ಬರು ಬಳಸುವಂತಿಲ್ಲ. ದಿನಾ ಓಡಾಡುವವರು ಒಬ್ಬರೇ ಆದರೆ ಬರ್ಲಿನ್‌ನ ಮಾಸಿಕ ಪಾಸ್ ‘ಉಮ್‌ವೆಲ್ಟ್‌ಕಾರ್ಟೆ’ಯ ಲೆಕ್ಕವನ್ನೂ ಹಾಕಿ ನೋಡಿ. ಅದರಲ್ಲಿ ವಾರದ ದಿನಗಳಲ್ಲಿ ರಾತ್ರಿ 8ರ ನಂತರ, ಶನಿವಾರ, ಭಾನುವಾರ ಇಡೀ ದಿನ ಇನ್ನೊಬ್ಬ ದೊಡ್ಡವರನ್ನು ಜೊತೆಗೆ ಕರೆದೊಯ್ಯಬಹುದು.

ಮೊದಲ ಭಾನುವಾರ ರಿಂಗ್‌ಬಾನ್ ಹತ್ತಿ. ನಗರದ ಒಳಭಾಗವನ್ನು ಸುತ್ತುವ 37 ಕಿ.ಮೀ. ರೈಲು ದಾರಿ ಅದು, ಒಂದು ಸುತ್ತಿಗೆ ಒಂದು ಗಂಟೆ. ಎಸ್41 ಪ್ರದಕ್ಷಿಣೆ, ಎಸ್42 ಅಪ್ರದಕ್ಷಿಣೆ. ಒಂಟಿ ಟಿಕೆಟ್‌ನಲ್ಲಿ ಮಾತ್ರ ಪೂರ್ತಿ ಸುತ್ತು ಹೊಡೆಯಬೇಡಿ: ಎರಡು ಗಂಟೆ ನಡೆಯುವ ಟಿಕೆಟ್ ಆದರೂ ಹೊರಟಲ್ಲಿಗೇ ಮರಳುವ ಪ್ರಯಾಣಕ್ಕೆ ಅದು ಸಲ್ಲುವುದಿಲ್ಲ. ಕಾಗದದ ಟಿಕೆಟ್ಟನ್ನು ಪ್ಲಾಟ್‌ಫಾರ್ಮ್‌ನ ಪುಟ್ಟ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸುವುದನ್ನೂ ಮರೆಯಬೇಡಿ. ಗೇಟು ಇಲ್ಲ ಎಂದರೆ ತಪಾಸಣೆ ಇಲ್ಲ ಎಂದಲ್ಲ. ಮಾಮೂಲು ಬಟ್ಟೆಯ ತನಿಖೆಯವರು ಡಬ್ಬಿಯೊಳಗೇ ಇರುತ್ತಾರೆ, ದಂಡ 60 ಯೂರೊ.

ರಿಂಗ್‌ನ ಟೆಂಪಲ್‌ಹೋಫ್ ನಿಲ್ದಾಣದಲ್ಲಿ ಇಳಿದರೆ 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣದ ಮೈದಾನ ಸಿಗುತ್ತದೆ. 2010ರಿಂದ ಅದು ಜನರ ಉದ್ಯಾನ, ರನ್‌ವೇ ಮೇಲೆ ಸೈಕಲ್ ಹೊಡೆಯಬಹುದು. ನೆರಳಿಲ್ಲ, ಗಾಳಿ ಜೋರು, ಜಾಕೆಟ್ ಇರಲಿ. ಸೂರ್ಯಾಸ್ತಕ್ಕೆ ಗೇಟು ಮುಚ್ಚುತ್ತಾರೆ.

ನೀರಿನ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗಳಿಗೆ ತಲಾ 25 ಸೆಂಟ್ ಠೇವಣಿ ಇರುತ್ತದೆ, ಕುಡಿದು ಮುಗಿಸಿ ಎಸೆಯಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿ ಠೇವಣಿ ವಾಪಸ್ ಪಡೆಯಿರಿ. ಬಾಟಲಿ ನಜ್ಜಿದರೆ ಬಾರ್‌ಕೋಡ್ ಓದಲಾಗದೆ ಯಂತ್ರ ತೆಗೆದುಕೊಳ್ಳುವುದಿಲ್ಲ.

ಪೆರ್ಗಮೋನ್ ಮ್ಯೂಸಿಯಂ ಎಂದು ಹೊರಟವರು ಮೊದಲು ತೆರೆದಿದೆಯೇ ನೋಡಿ. ದುರಸ್ತಿಗೆಂದು 2023ರ ಅಕ್ಟೋಬರ್‌ನಲ್ಲಿ ಪೂರ್ತಿ ಮುಚ್ಚಿದ್ದಾರೆ. ಪಕ್ಕದ ನೊಯೆಸ್ ಮ್ಯೂಸಿಯಂನಲ್ಲಿ ಪ್ರಾಚೀನ ಈಜಿಪ್ಟ್‌ನ ರಾಣಿ ನೆಫೆರ್ಟಿಟಿಯ ತಲೆಯ ಶಿಲ್ಪ ಇದೆ, ಅದಕ್ಕೆ ಹೋಗಿ. ಸಂಸತ್ ಭವನ ರೈಖ್‌ಸ್ಟಾಗ್‌ನ ಗಾಜಿನ ಗುಮ್ಮಟಕ್ಕೆ ಹಣ ಕೊಡಬೇಕಿಲ್ಲ, ಆದರೆ ಮುಂಚೆಯೇ ಇಬ್ಬರ ಹೆಸರು, ಜನ್ಮದಿನಾಂಕ ಕೊಟ್ಟು ಸಮಯ ಪಡೆದಿರಬೇಕು. ಹೋಗುವ ದಿನ ಮೂಲ ಪಾಸ್‌ಪೋರ್ಟ್ ಜೇಬಿನಲ್ಲಿರಲಿ, ಮೊಬೈಲಿನ ಫೋಟೊ ನಂಬಿ ಹೋಗಬೇಡಿ.