ಅರ್ಧಕ್ಕೆ ನಿಂತ ಡೌನ್‌ಲೋಡ್ ಸೊನ್ನೆಯಿಂದ ಶುರು ಮಾಡದೆ ಮುಗಿಸಿದ್ದು: ನನ್ನ ಅನುಭವ

ಮಲೆನಾಡಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರಿಗೆ ಮಳೆಗಾಲದ ನೆಟ್ ಬಗ್ಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮಲಗುತ್ತದೆ. ಉಬುಂಟು ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಲು ಬೇಕಾದ ಐಎಸ್ಒ ಫೈಲ್ ಈಗ ಸುಮಾರು 6 ಜಿಬಿ ಇದೆ. ನಾಲ್ಕೂವರೆ ಜಿಬಿ ಬಂದ ಮೇಲೆ ಕ್ರೋಮ್ ಕೆಂಪು ಅಕ್ಷರದಲ್ಲಿ ನೆಟ್‌ವರ್ಕ್ ಎರರ್ ಅನ್ನುತ್ತದೆ. ರೆಸ್ಯೂಮ್ ಒತ್ತಿದರೆ ಮತ್ತೆ ಸೊನ್ನೆಯಿಂದ ಶುರು. ದಿನಕ್ಕೆ 2 ಜಿಬಿ ಪ್ಲಾನ್ ಇದ್ದವನಿಗೆ ಅದು ಎರಡು ದಿನದ ಡೇಟಾ, ಜೊತೆಗೆ ಬೂಸ್ಟರ್ ರೀಚಾರ್ಜ್.

ನಮ್ಮ ಕಡೆಯ ಸರ್ವೀಸ್‌ನವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು. 'ಅರ್ಧ ಫೈಲ್ ಇಟ್ಟುಕೊಂಡು ಎಂತ ಮಾಡ್ತೀರಿ ಮಾರಾಯ್ರೆ, ಡಿಲೀಟ್ ಮಾಡಿ ಹೊಸದಾಗಿ ಹಾಕಿ.' ನಾನು ಅದೇ ಅರ್ಧ ಫೈಲಿನಿಂದ ಪೂರ್ತಿ ಐಎಸ್ಒ ಮಾಡಿ, ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆ) ತಾಳೆ ಹಾಕಿ ತೋರಿಸಿದ ಮೇಲೆ ಈಗ ಅವರೇ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದಂಡವಾದ ದುಡ್ಡಿನ ಲೆಕ್ಕ. ವೈಫೈ ವೀಕ್ ಇರಬೇಕು ಅಂತ ಯಾರೋ ಹೇಳಿದರು ಅಂತ ಹೊಸ ರೂಟರ್ ತಂದೆ, ಎರಡು ಸಾವಿರದ ಆಸುಪಾಸು. ಏನೂ ಬದಲಾಗಲಿಲ್ಲ. ದುಡ್ಡು ಕೊಟ್ಟು ಒಂದು ಡೌನ್‌ಲೋಡ್ ಮ್ಯಾನೇಜರ್ ತಗೊಂಡೆ. ಅದು ಒಂದು ಫೈಲನ್ನು ಎಂಟು ತುಂಡು ಮಾಡಿ ಇಳಿಸುತ್ತದೆ, ಸ್ಪೀಡ್ ಏನೋ ಚೆನ್ನಾಗಿತ್ತು. ಆದರೆ ನಮ್ಮಲ್ಲಿ ಲೈನ್ ಹೋದಾಗ ಎಂಟು ತುಂಡೂ ಒಟ್ಟಿಗೆ ಸಾಯುತ್ತಿದ್ದವು. ಹಾಳಾದ ಡೇಟಾಕ್ಕೆ ಹಾಕಿದ ರೀಚಾರ್ಜ್ ಒಂದು ಮಳೆಗಾಲಕ್ಕೆ ಸಾವಿರದ ಮೇಲೇ ಹೋಗಿರಬೇಕು.

ಆಮೇಲೆ ಸರ್ವರ್ ಫೈಲಿನ ಜೊತೆ ಕಳಿಸುವ ಮಾಹಿತಿ ಸಾಲುಗಳನ್ನು, ಅಂದರೆ ಹೆಡರ್‌ಗಳನ್ನು ನೋಡುತ್ತಾ ಕೂತೆ. ಆಗ ಕಥೆ ಗೊತ್ತಾಯಿತು. ಬ್ರೌಸರ್ ರೆಸ್ಯೂಮ್ ಮಾಡುವಾಗ 'ಇದು ಅದೇ ಫೈಲಾ' ಅಂತ ಇಟ್ಯಾಗ್ (ಸರ್ವರ್ ಫೈಲಿಗೆ ಕೊಡುವ ಗುರುತು) ಅಥವಾ ಲಾಸ್ಟ್ ಮಾಡಿಫೈಡ್ (ಕೊನೆಗೆ ಬದಲಾದ ಸಮಯ) ನೋಡಿ ಖಾತ್ರಿ ಮಾಡಿಕೊಳ್ಳುತ್ತದೆ. ಡೌನ್‌ಲೋಡ್ ಲಿಂಕ್ ನಮ್ಮನ್ನು ಒಮ್ಮೆ ಅದೇ ಫೈಲಿನ ನಕಲು ಇಟ್ಟಿರುವ ಒಂದು ಮಿರರ್ ಸರ್ವರ್‌ಗೆ, ಇನ್ನೊಮ್ಮೆ ಬೇರೆ ಮಿರರ್‌ಗೆ ಕಳಿಸಿದರೆ ಎರಡೂ ಕಡೆಯ ಇಟ್ಯಾಗ್ ಬೇರೆ ಬೇರೆ ಇರಬಹುದು. ಫೈಲ್ ಒಂದೇ ಆಗಿದ್ದರೂ ಬ್ರೌಸರ್‌ಗೆ ಅನುಮಾನ. ಅದು ಹಳೆಯದನ್ನು ಬಿಸಾಕಿ ಮೊದಲಿನಿಂದ ಶುರು ಮಾಡುತ್ತದೆ. ಬ್ರೌಸರ್ ಮಾಡುವುದು ತಪ್ಪೇನಲ್ಲ. ಆದರೆ ಫೈಲ್ ಅದೇ ಅಂತ ನನಗೆ ಗೊತ್ತಿರುವಾಗ ಆ ಎಚ್ಚರ ನನಗೆ ಬೇಡ. ಕಮಾಂಡ್ ಟೈಪ್ ಮಾಡಿ ಫೈಲ್ ಇಳಿಸುವ ಕರ್ಲ್ ಅನ್ನುವ ಪ್ರೋಗ್ರಾಂ ಆ ಪ್ರಶ್ನೆ ಕೇಳುವುದೇ ಇಲ್ಲ. 'ಇಷ್ಟನೇ ಬೈಟ್‌ನಿಂದ ಕೊಡು' ಅನ್ನುತ್ತದೆ, ಅಷ್ಟೇ. ವಿಂಡೋಸ್ 10ರಲ್ಲಿ 2018ರ ಅಪ್‌ಡೇಟ್‌ನಿಂದ ಈಚೆಗೆ ಕರ್ಲ್ ಒಳಗೇ ಬರುತ್ತದೆ, ಹೊಸದಾಗಿ ಏನೂ ಹಾಕಬೇಕಿಲ್ಲ.

ನಾನು ಮಾಡುವುದು ಹೀಗೆ. ಡೌನ್‌ಲೋಡ್ ಫೇಲ್ ಆದ ಕೂಡಲೇ ರೆಸ್ಯೂಮ್, ಕ್ಯಾನ್ಸಲ್ ಎರಡನ್ನೂ ಮುಟ್ಟುವುದಿಲ್ಲ. ಕ್ಯಾನ್ಸಲ್ ಒತ್ತಿದರೆ ಕ್ರೋಮ್ ಅರ್ಧ ಇಳಿದ ಆ ಸಿಆರ್‌ಡೌನ್‌ಲೋಡ್ ಫೈಲನ್ನೇ ಅಳಿಸಿಬಿಡುತ್ತದೆ. ಮೊದಲು ಅದನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಐಎಸ್ಒ ಅಂತ ಹೆಸರು ಬದಲಿಸುತ್ತೇನೆ. ಫೈರ್‌ಫಾಕ್ಸ್ ಆದರೆ ಪಾರ್ಟ್ ಫೈಲ್. ಆಮೇಲೆ ಫೈಲಿನ ಬಾಲ, ಅಂದರೆ ಕೊನೆಯ ಒಂದಷ್ಟು ಎಂಬಿ, ಕತ್ತರಿಸುತ್ತೇನೆ. ಇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಅವರದು ಕೆಡುತ್ತದೆ. ಕರೆಂಟ್ ಹೋಗಿ ಮೆಷಿನ್ ದಡಕ್ಕನೆ ಆಫ್ ಆದರೆ ಫೈಲ್ ಸೈಜ್ ಮಾತ್ರ ಬೆಳೆದು, ಕೊನೆಯ ಭಾಗದಲ್ಲಿ ಡೇಟಾ ಬದಲು ಬರೀ ಸೊನ್ನೆ ಕೂತಿರಬಹುದು. ಅದರ ಮುಂದಕ್ಕೆ ಜೋಡಿಸಿದರೆ ನಡುವೆ ಹುಳುಕು ಉಳಿಯುತ್ತದೆ. ಲಿನಕ್ಸ್‌ನಲ್ಲಿ ಟ್ರಂಕೇಟ್ ಕಮಾಂಡ್ ಸಾಕು. ಎಷ್ಟು ಎಂಬಿ ಕತ್ತರಿಸಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಧಾರಾಳವಾಗಿ ಕತ್ತರಿಸಿ, ನಷ್ಟ ಏನೂ ಇಲ್ಲ.

ಆಮೇಲೆ ಕರ್ಲ್. ಹೈಫನ್ ದೊಡ್ಡ ಸಿ, ಒಂದು ಸ್ಪೇಸ್, ಇನ್ನೊಂದು ಹೈಫನ್. ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಮುಂದುವರಿಸು ಅಂತ ಅರ್ಥ. ಜೊತೆಗೆ ಹೈಫನ್ ದೊಡ್ಡ ಎಲ್ ಹಾಕದಿದ್ದರೆ ಮಿರರ್‌ಗೆ ಹೋಗದೆ ರೀಡೈರೆಕ್ಟ್‌ನಲ್ಲೇ ನಿಲ್ಲುತ್ತದೆ. ಸರ್ವರ್‌ಗೆ ನಡುವಿನಿಂದ ಕೊಡಲು ಬರದಿದ್ದರೆ 33ನೇ ನಂಬರಿನ ಎರರ್ ಬರುತ್ತದೆ. ಆಗ ಮಿರರ್ ಬದಲಿಸಿ. ಲಾಗಿನ್ ಬೇಕಾದ ಸೈಟ್ ಆದರೆ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಆ ಡೌನ್‌ಲೋಡ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕಾಪಿ ಆ್ಯಸ್ ಕರ್ಲ್' ತಗೊಳ್ಳಿ. ಕುಕಿ ಸಮೇತ ಬರುತ್ತದೆ. ಅದನ್ನು ಯಾರಿಗೂ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ನಿಮ್ಮ ಲಾಗಿನ್ನೇ ಕೊಟ್ಟ ಹಾಗೆ.

ಕೊನೆಗೆ ಎಸ್‌ಎಚ್‌ಎ-256. ಲಿನಕ್ಸ್ ಸೈಟ್‌ಗಳು ಸರಿಯಾದ ಹ್ಯಾಶ್‌ಗಳ ಲಿಸ್ಟ್ ಕೊಟ್ಟಿರುತ್ತವೆ. ನಮ್ಮ ಫೈಲಿನ ಹ್ಯಾಶ್ ತೆಗೆಯಲು ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಕಮಾಂಡ್ ಸಾಕು.

ತಾಳೆ ಆಗದಿದ್ದರೆ? ಇಲ್ಲೇ ಎಲ್ಲರೂ ನನ್ನನ್ನು ನೋಡಿ ನಕ್ಕದ್ದು. ಟೊರೆಂಟ್ ಅಂದರೆ ಕದ್ದ ಸಿನಿಮಾ ಅಂತಲೇ ಅವರ ಲೆಕ್ಕ. ಉಬುಂಟು, ಡೆಬಿಯನ್, ಲಿಬ್ರೆ ಆಫೀಸ್ ಮೂವರೂ ತಾವೇ ಟೊರೆಂಟ್ ಕೊಡುತ್ತಾರೆ. ಅದೇ ವರ್ಷನ್ನಿನ ಟೊರೆಂಟ್ ಫೈಲನ್ನು ಟೊರೆಂಟ್ ಇಳಿಸುವ ಪ್ರೋಗ್ರಾಂ ಆದ ಕ್ಯೂಬಿಟ್‌ಟೊರೆಂಟ್‌ಗೆ ಹಾಕಿ, ತಕ್ಷಣ ನಿಲ್ಲಿಸಿಡಿ (ಪಾಝ್). ಕೆಟ್ಟ ಐಎಸ್ಒವನ್ನು ಸರಿಯಾಗಿ ಅದೇ ಹೆಸರಿನಲ್ಲಿ ಆ ಫೋಲ್ಡರಿಗೆ ಇಡಿ. ಫೋರ್ಸ್ ರೀಚೆಕ್ ಒತ್ತಿ, ಅದು ಮುಗಿದ ಮೇಲೆ ಮತ್ತೆ ಶುರು ಮಾಡಿ. ಟೊರೆಂಟ್‌ನಲ್ಲಿ ಪ್ರತಿ ಸಣ್ಣ ತುಂಡಿಗೂ ಬೇರೆ ಬೇರೆ ಹ್ಯಾಶ್ ಇರುತ್ತದೆ. ಯಾವ ತುಂಡು ಸರಿ, ಯಾವುದು ಕೆಟ್ಟಿದೆ ಅಂತ ಅದೇ ಹುಡುಕಿ, ಕೆಟ್ಟದ್ದನ್ನು ಮಾತ್ರ ತರುತ್ತದೆ. ನನ್ನ ಮೊದಲ ಫೈಲಿನಲ್ಲಿ ಶೇಕಡಾ 99ಕ್ಕಿಂತ ಜಾಸ್ತಿ ಸರಿ ಇತ್ತು. ಹತ್ತಿಪ್ಪತ್ತು ಎಂಬಿ ಇಳಿಸಿಕೊಂಡು ಮುಗಿಸಿತು. 6 ಜಿಬಿ ಎಲ್ಲಿ, 20 ಎಂಬಿ ಎಲ್ಲಿ! ಅವತ್ತು ಅಂಗಡಿಗೆ ಬಂದವರಿಗೆಲ್ಲ ಆ ಸ್ಕ್ರೀನ್ ತೋರಿಸಿದ್ದೇನೆ.

ಕ್ರೋಮ್‌ನ ಪ್ರಾಯೋಗಿಕ ಸೆಟ್ಟಿಂಗ್ ಪುಟವಾದ ಫ್ಲ್ಯಾಗ್ಸ್‌ನಲ್ಲಿ ಪ್ಯಾರಲಲ್ ಡೌನ್‌ಲೋಡಿಂಗ್ (ಒಂದೇ ಫೈಲನ್ನು ತುಂಡು ತುಂಡಾಗಿ ಒಟ್ಟಿಗೆ ಇಳಿಸುವುದು) ಆನ್ ಮಾಡಿಕೊಂಡವರಿಗೆ ಕರ್ಲ್ ದಾರಿ ನಡೆಯುವುದಿಲ್ಲ. ಅಲ್ಲಿ ಫೈಲಿನ ನಡುನಡುವೆಯೇ ಖಾಲಿ ಜಾಗ ಇರುತ್ತದೆ, ಸೈಜ್ ನಂಬುವ ಹಾಗಿಲ್ಲ. ನೇರ ಟೊರೆಂಟ್ ರೀಚೆಕ್‌ಗೆ ಹೋಗಿ.

ಇದರ ನಡುವೆ ಒಂದು ಸುಮ್ನೆ ಮಾಡಿದ ಪ್ರಯೋಗ. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ಇಳಿಸಿದರೂ ಹ್ಯಾಶ್ ತಪ್ಪು. ಬೇಜಾರಾಗಿ, ಏನನ್ನೂ ಇಳಿಸದೆ, ಅದೇ ಫೈಲಿನ ಹ್ಯಾಶನ್ನು ಮತ್ತೆ ಮತ್ತೆ ತೆಗೆದೆ. ಪ್ರತಿ ಸಲವೂ ಬೇರೆ ಉತ್ತರ! ಡಿಸ್ಕಿನಲ್ಲಿ ಅಲುಗಾಡದೆ ಇರುವ ಫೈಲಿಗೆ ಹ್ಯಾಶ್ ಬದಲಾಗುವುದು ಹೇಗೆ? ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಹಾಕಿದರೆ ಸ್ಕ್ರೀನ್ ತುಂಬಾ ಕೆಂಪು. ರ್‍ಯಾಮ್ ಕೆಟ್ಟಿತ್ತು. ಪಾಪ, ಅವರು ನೆಟ್‌ನವರ ಜೊತೆ ತಿಂಗಳುಗಟ್ಟಲೆ ಜಗಳ ಆಡಿದ್ದರು. ಈಗ ಕೆಟ್ಟ ಡೌನ್‌ಲೋಡ್ ಅಂತ ಯಾರೇ ಬಂದರೂ ಮೊದಲು ಒಂದೇ ಫೈಲಿಗೆ ಎರಡು ಸಲ ಹ್ಯಾಶ್ ತೆಗೆಯುತ್ತೇನೆ.

ಇನ್ನು ಕೆಲವು ಕೇಸ್ ಕಣ್ಣಿಗೇ ಕಾಣುತ್ತವೆ. ಸರಿಯಾಗಿ 4 ಜಿಬಿಗೆ ನಿಂತಿದೆಯಾ? ಪೆನ್‌ಡ್ರೈವ್ ಎಫ್‌ಎಟಿ32 ಅನ್ನುವ ಹಳೆಯ ಫಾರ್ಮ್ಯಾಟ್‌ನಲ್ಲಿ ಇರುತ್ತದೆ. 4,29,49,67,295 ಬೈಟ್‌ಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಜಿಪ್ ಫೈಲ್ ಬರೀ ಕೆಲವು ಕೆಬಿ ಇದೆಯಾ? ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ನಿಜವಾದ ಜಿಪ್ 'ಪಿಕೆ' ಅಂತ ಶುರುವಾಗುತ್ತದೆ, ಅದು ಜಿಪ್ ಫಾರ್ಮ್ಯಾಟ್ ರೂಪಿಸಿದ ಫಿಲ್ ಕಾಟ್ಜ್ ಹೆಸರಿನ ಮೊದಲ ಅಕ್ಷರಗಳು. ಅದರ ಬದಲು ಎಚ್‌ಟಿಎಂಎಲ್ ಕಂಡರೆ ಬಂದಿರುವುದು ಸೈಟಿನ ಎರರ್ ಪುಟ. ಜಿಪ್‌ನ ಇನ್ನೊಂದು ಕಷ್ಟ ಅಂದರೆ ಒಳಗಿನ ಫೈಲ್‌ಗಳ ಪಟ್ಟಿ ಕೊನೆಯಲ್ಲಿರುತ್ತದೆ. ಕೊನೆ ಬರಲಿಲ್ಲ ಅಂದರೆ ವಿಂಡೋಸ್ ತೆರೆಯುವುದೇ ಇಲ್ಲ. 7-ಜಿಪ್ ಗೊಣಗಿಕೊಂಡಾದರೂ ಬಂದಷ್ಟನ್ನು ಬಿಚ್ಚಿಕೊಡುತ್ತದೆ. ಮದುವೆ ಫೋಟೋದವರಿಗೆ ಇದರಿಂದ ಸುಮಾರು ಸಲ ಉಪಕಾರ ಆಗಿದೆ.

ಅವರದೇ ಇನ್ನೊಂದು ತಲೆನೋವು, ಕ್ಲೌಡ್ ಡ್ರೈವ್‌ನಿಂದ ಇಡೀ ಫೋಲ್ಡರ್ ಇಳಿಸುವುದು. ಆ ಜಿಪ್ ಮೊದಲೇ ಎಲ್ಲೂ ಇರುವುದಿಲ್ಲ, ನಾವು ಕೇಳಿದಾಗ ಅಲ್ಲೇ ಕಟ್ಟಿ ಕಳಿಸುತ್ತಾರೆ. ಹಾಗಾಗಿ ಅರ್ಧದಿಂದ ಮುಂದುವರಿಸಲು ಕರ್ಲ್‌ನಿಂದಲೂ ಆಗುವುದಿಲ್ಲ, ಟೊರೆಂಟ್ ಅಂತೂ ಇಲ್ಲವೇ ಇಲ್ಲ. ಅದಕ್ಕೆ ಕ್ಲೌಡ್‌ನಿಂದ ಫೈಲ್ ಇಳಿಸುವ ಪ್ರೋಗ್ರಾಂ ಆದ ಆರ್‌ಕ್ಲೋನ್ ಹಾಕಿ ಒಂದೊಂದೇ ಫೋಟೋ ಆಗಿ ಇಳಿಸುತ್ತೇನೆ. ಲೈನ್ ಹೋದರೆ ಒಂದು ಫೋಟೋ ಹೋಗುತ್ತದೆ, ಅಷ್ಟೇ. ಆರ್‌ಕ್ಲೋನ್‌ನ ಸೆಟ್ಟಿಂಗ್ ಮಾತ್ರ ಕೇಳಬೇಡಿ. ಮದುವೆ ಸೀಸನ್‌ನಲ್ಲಿ ಒಂದು ಆಲ್ಬಂ ಇಳಿಸಿಕೊಡಲು ಮುನ್ನೂರು ತಗೊಳ್ಳುತ್ತೇನೆ, ರೂಟರ್ ದುಡ್ಡು ಇನ್ನೂ ಪೂರ್ತಿ ವಸೂಲಾಗಿಲ್ಲ.